ನಾಳೆ ಉತ್ತರ ಕೊಡುವ ಅಕ್ಕೋರು

ಬೈಲಹೊಂಗಲದ ನಮ್ಮ ಓಣಿಯಲ್ಲಿ ಒಬ್ಬರಿದ್ದರು. ಇವತ್ತು ಕೇಳಿದ ಪ್ರಶ್ನೆಗೆ ಅವರಿಂದ ಇವತ್ತೇ ಉತ್ತರ ಬಂತೆಂದರೆ ಸೂರ್ಯ ಪಶ್ಚಿಮಕ್ಕೆ ಹುಟ್ಟಿದನೆಂದೇ ತಿಳಿಯಬೇಕು! ಮನೆಯಲ್ಲೇ ಹೊಲಿಗೆ ಕ್ಲಾಸು ನಡೆಸುತ್ತಿದ್ದ ಕ್ರಿಶ್ಚಿಯನ್ ಹೆಣ್ಣುಮಗಳು. ನಮ್ಮ ಕಡೆ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರು ಅನ್ನುವುದು ರೂಢಿ. ಇವರು ಇಡೀ ಓಣಿಗೇ ಅಕ್ಕೋರು. ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ಏನು ಕೇಳಿದರೂ ಅವರದು ಒಂದೇ ಮಾತು: “ಪ್ರಾರ್ಥನಾ ಮಾಡಿ ನಾಳಿ ಹೇಳ್ತೇನ್ರಿ.”

ಹರೆಯದಲ್ಲಿ ಅವರ ನಾಲಿಗೆ ಅವರ ಕತ್ತರಿಗಿಂತ ಹರಿತವಾಗಿತ್ತಂತೆ. ಆಡಿದ ಒಂದು ಮಾತಿಗೆ ಸ್ವಂತ ತಂಗಿಯೇ ಬಹಳ ದಿನ ಮಾತು ಬಿಟ್ಟಿದ್ದಳಂತೆ. ಅಂದಿನಿಂದ ಯಾವ ಮಾತನ್ನಾದರೂ ಮೊದಲು ದೇವರ ಮುಂದೆ ಆಡಿ ನೋಡುವುದು, ಅಲ್ಲಿ ನಾಚಿಕೆಯಾಗದಿದ್ದರೆ ಮಾತ್ರ ಮನುಷ್ಯರ ಮುಂದೆ ಆಡುವುದು ಅವರ ನೇಮ. ಪಾಪ, ಅವರ ಯೇಸಪ್ಪನಿಗೆ ನಮ್ಮ ಓಣಿಯೊಂದರಿಂದಲೇ ಎಷ್ಟು ಕೆಲಸ!

ಒಮ್ಮೆ ಕಾಳುಕಡಿ ದಲಾಲಿಯ ಅಡತಿ ಅಂಗಡಿಯವರ ಸೊಸೆ ಹೊಸ ಬ್ಲೌಸು ತೊಟ್ಟು ಕನ್ನಡಿ ಮುಂದೆ ನಿಂತಳು. “ಅಕ್ಕೋರ, ನಾ ದಪ್ಪ ಕಾಣಾಕತ್ತೇನೇನ್ರಿ?”

“ನಾಳಿ ಹೇಳ್ತೇನ್ರಿ.”

ಹೀಗೆಂದರೆ ಯಾವ ಹೆಂಗಸಿಗೆ ನಿದ್ದೆ ಬಂದೀತು? ಮರುದಿನ ಅಕ್ಕೋರು ಅವಳ ಮನೆಗೇ ಹೋದರು. “ಸ್ವಲ್ಪ ಕಾಣ್ತೀರ್ರಿ. ಆದ್ರ ನೀವು ನಕ್ಕರ, ನೋಡಿದವರ ಕಣ್ಣು ನಿಮ್ಮ ಮಾರಿ ಬಿಟ್ಟು ಕೆಳಗ ಇಳಿಯೂದಿಲ್ಲ.” ಆಕೆ ಖುಷಿಯಾಗಿ ಮತ್ತೊಂದು ಬ್ಲೌಸು ಹೊಲಿಯಲು ಕೊಟ್ಟಳು!

ನಳದ ಹತ್ತಿರ ಎದುರುಮನೆಯಾಕೆ ಕೊಡದ ಪಾಳಿಗಾಗಿ ಅಕ್ಕೋರ ಮೇಲೆ ಹರಿಹಾಯ್ದದ್ದೂ ಉಂಟು. ಅಕ್ಕೋರು ಎಲ್ಲ ಕೇಳಿಸಿಕೊಂಡು ಮನೆಗೆ ಬಂದರು. ಮರುದಿನ ಮುಂಜಾನೆ ಆಕೆಯ ಬಾಗಿಲಲ್ಲಿ ನಿಂತು, “ನಿನ್ನಿ ಜಗಳಕ್ಕ ಉತ್ತರ ತಂದೇನ್ರಿ” ಅಂದರು. ಆಕೆಗೋ ಜಗಳವೇ ಮರೆತುಹೋಗಿತ್ತು! “ಯಾವ ಜಗಳಾರಿ? ಒಳಗ ಬರ್ರಿ, ಚಾ ಕುದ್ಯಾಕತ್ತೇತಿ.” ತಯಾರಾಗಿ ಬಂದಿದ್ದ ಉತ್ತರ ಚಹಾದ ಜೊತೆ ಹೊಟ್ಟೆಗೇ ಇಳಿಯಿತು.

ನಗು ಬಂತೇ? ನನಗೂ ಬರುತ್ತಿತ್ತು, ನನ್ನ ಮದುವೆಯ ಮಾತು ಬರುವವರೆಗೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನನಗೆ ಚಿಕ್ಕಂದಿನಿಂದ ಫಿಟ್ಸ್ ಬರುತ್ತಿತ್ತು. ಗುಳಿಗೆಯಿಂದ ಹಿಡಿತಕ್ಕೆ ಬಂದಿತ್ತಾದರೂ, ಸುದ್ದಿ ಕಿವಿಗೆ ಬಿದ್ದ ವರನ ಕಡೆಯವರು ಒಬ್ಬೊಬ್ಬರೇ ಹಿಂದೆ ಸರಿದಿದ್ದರು. ಆಮೇಲೆ ರಾಮದುರ್ಗದಿಂದ ಒಂದು ಸಂಬಂಧ ಬಂತು. ಹುಡುಗ ಬಟ್ಟೆ ಅಂಗಡಿಯವನು. ನನ್ನ ಮನಸ್ಸಿಗೂ ಬಂದಿದ್ದ. ಈ ಸಲ ಸುದ್ದಿ ಮುಚ್ಚಿಡುವುದೆಂದು ಅವ್ವ ಗಟ್ಟಿ ಮಾಡಿದಳು. ಅಕ್ಕೋರ ಬಳಿ ಹೋಗಿ, “ಯಾರರ ಕೇಳಿದ್ರ ಹುಡುಗಿಗೆ ಏನೂ ಇಲ್ಲ ಅಂದ್ಬಿಡ್ರಿ” ಎಂದು ಕೈ ಮುಗಿದಳು.

“ನಾಳಿ ಹೇಳ್ತೇನ್ರಿ.”

ಆ ನಾಳೆ ಬರುವ ಮೊದಲೇ ಬೀಗರು ಬಂದುಬಿಟ್ಟರು! ನಮ್ಮಲ್ಲಿ ಅವಲಕ್ಕಿ ತಿನ್ನುವ ಮೊದಲೇ ಹುಡುಗನ ತಾಯಿ ಎದ್ದು ಪಕ್ಕದ ಮನೆಗೆ ಹೋದರು. “ನೀವು ಸುಳ್ಳ ಹೇಳೂದಿಲ್ಲಂತ ಬಸ್‌ಸ್ಟ್ಯಾಂಡಿನ್ಯಾಗ ಕೇಳಿ ಬಂದೇನಿ. ಹುಡುಗಿಗೆ ಏನರ ಜಡ್ಡು ಐತೇನ್ರಿ?”

ನಾನೂ ಅವ್ವನೂ ಇತ್ತ ಗೋಡೆಗೆ ಕಿವಿ ಹಚ್ಚಿದೆವು.

“ಪ್ರಾರ್ಥನಾ ಮಾಡಿ ನಾಳಿ ಹೇಳ್ತೇನ್ರಿ.”

ಆಯಿತಲ್ಲ! ಇಲ್ಲ ಅನ್ನಬೇಕಾದಲ್ಲಿ ನಾಳೆ ಅಂದರೆ ಏನರ್ಥ? ಬೀಗರು ಅವಲಕ್ಕಿ ಹಾಗೇ ಬಿಟ್ಟು ಹೊರಟರು. “ಒಂದ್ ಮಾತ್ ಚೊಲೋ ಹುಡುಗಿ ಅನ್ನಾಕ ಆಕಿ ಬಾಯಿಗೆ ಏನ್ ಬಡದಿತ್ತು!” ಎಂದು ಅವ್ವ ಗೋಡೆಗೆ ಕೇಳುವಂತೆ ಬಯ್ದಳು. ನಾನು ಮೂಲೆ ಹಿಡಿದು ಅತ್ತೆ.

ಮರುದಿನ ಅಕ್ಕೋರು ಮುರಗೋಡದ ಮೇಲೆ ಹೋಗುವ ಬಸ್ಸು ಹತ್ತಿ ರಾಮದುರ್ಗಕ್ಕೆ ಹೋದರು. ಸಂಜೆ ಬಂದವರು ತುಟಿ ಬಿಚ್ಚಲಿಲ್ಲ. ಕೆಲವೇ ದಿನಗಳಲ್ಲಿ ಬೀಗರಿಂದ ಒಪ್ಪಿಗೆ ಬಂತು! ಅಕ್ಕೋರು ನನಗಾಗಿ ಮೊಟ್ಟಮೊದಲ ಸುಳ್ಳು ಹೇಳಿದ್ದಾರೆಂದೇ ಅವ್ವ ನಂಬಿದಳು. ಆ ಪುಣ್ಯದ ಸುಳ್ಳಿಗೆ ಹೋಳಿಗೆ ಮಾಡಿ ಹೊತ್ತುಕೊಂಡು ಹೋದಳು. ಅಕ್ಕೋರು ಸುಮ್ಮನೆ ತಿಂದರು.

ಮದುವೆಯಾಯಿತು. ಅವ್ವ ಹೇಳಿಕೊಟ್ಟಂತೆ ಗುಳಿಗೆಗಳನ್ನು ಸೀರೆಗಳ ಅಡಿಯಲ್ಲಿ ಬಚ್ಚಿಟ್ಟುಕೊಂಡು ಗಂಡನ ಮನೆಗೆ ಬಂದೆ. ಮೊದಲ ವಾರದಲ್ಲೇ, ಹೀಗೆ ಕದ್ದು ಟ್ರಂಕು ತೆಗೆಯುವಾಗ ಅತ್ತೆ ನೀರಿನ ತಂಬಿಗೆ ಹಿಡಿದು ಬಂದರು.

“ಗುಳಗಿ ಒಣ ಬಾಯಾಗ ನುಂಗಬ್ಯಾಡವಾ.”

ನಾನು ಗಡಬಡಿಸಿ ಟ್ರಂಕಿನ ಮುಚ್ಚಳ ಹಾಕಿದೆ. ಅತ್ತೆ ಪಕ್ಕದಲ್ಲೇ ಕುಳಿತರು. “ನಿಮ್ಮ ಅಕ್ಕೋರು ಬಂದು ಎಲ್ಲಾ ಹೇಳ್ಯಾರ. ‘ಹೌದ್ರಿ, ಜಡ್ಡು ಐತಿ, ಗುಳಗಿ ನಡದಾವ. ಒಮ್ಮೆ ನನ್ನ ಮನ್ಯಾಗ ಬಿದ್ದಿದ್ಲು. ಆಕಿ ತಲಿ ನನ್ನ ತೊಡಿ ಮ್ಯಾಲೆ ಇತ್ತು. ಕಣ್ಣ ಬಿಟ್ಟಕೂಡ್ಲೆ ಆಕಿ ಕೇಳಿದ್ದು, ಅಕ್ಕೋರ, ನೀವು ಅಂಜಿದ್ರೇನ್ರಿ ಅಂತ. ನನಗ ಮಗಾ ಇದ್ದಿದ್ರ ಆಕಿನ್ನ ನಿಮಗ ಬಿಟ್ಟುಕೊಡ್ತಿದ್ದಿಲ್ಲ’ ಅಂದ್ರು. ಅಷ್ಟ ಕೇಳಿ ನಾ ಹ್ಞೂಂ ಅಂದೆ.”

ಹಾಗೆ ಕೇಳಿದ್ದು ನನಗೇ ನೆನಪಿರಲಿಲ್ಲ. ನನ್ನ ಬಗ್ಗೆ ಅಷ್ಟು ಒಳ್ಳೆಯ ನಿಜವೊಂದಿದೆ ಎಂಬುದೂ ಗೊತ್ತಿರಲಿಲ್ಲ. ಅತ್ತೆಯ ಎದುರಿನಲ್ಲೇ, ಅವರು ತಂದ ನೀರಿನಲ್ಲಿ, ಹುಟ್ಟಿದ ಮೇಲೆ ಮೊದಲ ಸಲ ಯಾರಿಗೂ ಅಂಜದೆ ಗುಳಿಗೆ ನುಂಗಿದೆ.