ಈಸ್ಟ್-ಸೌತ್-ಈಸ್ಟಿಗೆ ಹೊರಟ ಮದುಮಗ

ನಮ್ಮವರಿಗೆ ದಿಕ್ಕುಗಳು ಎಂಟು, ಇಂಗ್ಲಿಷರಿಗೆ ಹದಿನಾರು. ಈ ಕೊರತೆಯನ್ನು ನನ್ನ ಮದುವೆಯ ದಿನವೇ ನೀಗಿಸಲು ಹೊರಟೆ!

ಅದು ನಿಜಾಮರ ಕಾಲ. ಬಸವಕಲ್ಯಾಣವನ್ನು ಆಗ ಕಲ್ಯಾಣಿ ಎನ್ನುತ್ತಿದ್ದರು. ನಾನು ಹೈದರಾಬಾದಿನಿಂದ ಒಂದು ಬಿ.ಎ. ಪದವಿಯನ್ನೂ ಒಂದು ಹಿತ್ತಾಳೆಯ ದಿಕ್ಸೂಚಿಯನ್ನೂ ಸಂಪಾದಿಸಿಕೊಂಡು ಊರಿಗೆ ಮರಳಿದ್ದೆ. ಹೆಣ್ಣು ಹುಮನಾಬಾದಿನ ನೀಲಮ್ಮ. ಆ ದಿನದ ಬಗ್ಗೆ ನನ್ನ ದಿನಚರಿಯಲ್ಲಿರುವುದು ಒಂದೆರಡು ಸಾಲು, ಉಳಿದದ್ದೆಲ್ಲ ನೆನಪು. ನೆನಪನ್ನು ನಾನು ಅಷ್ಟಾಗಿ ನಂಬುವವನಲ್ಲ.

ಮುಹೂರ್ತ ಬೆಳಗಿನದು. ಘಳಿಗೆ ಮೀರಿದರೆ ಮದುವೆಯೇ ಇಲ್ಲವೆಂದು ಮಾವನವರು ಮೊದಲೇ ಹೇಳಿಬಿಟ್ಟಿದ್ದರು. ಹಿರಿಮಗಳ ಮದುವೆಯಲ್ಲಿ ಹಾಗೆ ಮೀರಿ ಕಷ್ಟ ಅನುಭವಿಸಿದ್ದರಂತೆ. ಆದ್ದರಿಂದ ಹಿಂದಿನ ದಿನವೇ ಹೊರಟು, ಹುಮನಾಬಾದಿಗೆ ಸಮೀಪದ ಒಂದು ಹಳ್ಳಿಯಲ್ಲಿ ತಂಗಿದ್ದೆವು. ಬೆಳಗಾಗುತ್ತಲೇ ಎದ್ದು ನೋಡಿದರೆ ಮಂಜು! ಬಂಡಿಯಲ್ಲಿ ಕೂತವನಿಗೆ ಎತ್ತಿನ ಕೊಂಬು ಕಾಣದಂಥ ಮಂಜು. ದಿಬ್ಬಣದ ಉಳಿದ ಬಂಡಿಗಳು ದೊಡ್ಡ ರಸ್ತೆ ಹಿಡಿದವು. ನಾನು ದಿಕ್ಸೂಚಿ ತೆಗೆದೆ.

"ಭಾವಾ, ಹುಮನಾಬಾದ್ ಯಾವ ದಿಕ್ಕಿಗದ ಹೇಳು?" ಎಂದೆ, ಪಕ್ಕದಲ್ಲಿ ತೂಕಡಿಸುತ್ತಿದ್ದ ಅಕ್ಕನ ಗಂಡ ಚನ್ನಪ್ಪನಿಗೆ.

"ಮೂಡಣಕ್ಕ. ನಾ ಹುಟ್ಟಿದಾಗಿಂದ ಅಲ್ಲೇ ಅದ."

"ತಪ್ಪು! ಪೂರ್ವನೂ ಅಲ್ಲ, ಆಗ್ನೇಯನೂ ಅಲ್ಲ. ಎರಡರ ನಡುವಿಂದು. ಪೂರ್ವ ಒಂದ್ ಕಡಿ, ಆಗ್ನೇಯ ಒಂದ್ ಕಡಿ. ಅದಕ್ಕ ಇಂಗ್ಲಿಷಿನ್ಯಾಗ ಈಸ್ಟ್-ಸೌತ್-ಈಸ್ಟ್ ಅಂತಾರ."

"ಒಂದ ಊರಿಗೆ ಎರಡ ಸಲ ಈಸ್ಟ್ ಯಾಕೋ? ಹೋದವ್ರು ಮತ್ತ ಹೋಗಬೇಕೇನು?"

ಅಜ್ಞಾನಕ್ಕೆ ಉತ್ತರ ಕೊಡುವುದು ಸಲ್ಲದು. ಬಂಡಿಯನ್ನು ರಸ್ತೆ ಬಿಡಿಸಿ ಹೊಲಕ್ಕೆ ಇಳಿಸಿದೆ.

ಇಲ್ಲಿ ಒಂದು ಮಾತು ಹೇಳಬೇಕು. ಅರಿಶಿನ ಹಚ್ಚಿದ ಮೇಲೆ ಮದುಮಗ ಕಬ್ಬಿಣ ಬಿಡಬಾರದು, ಬಿಟ್ಟರೆ ದೆವ್ವ ಬಡಿಯುತ್ತದೆ ಎಂದು ಅಕ್ಕ ನನ್ನ ನಡುವಿಗೆ ದೊಡ್ಡದೊಂದು ಕಠಾರಿ ಬಿಗಿದಿದ್ದಳು. ವಿದ್ಯಾವಂತನಾದ ನಾನು ನಕ್ಕಿದ್ದೆ. ಬಿಚ್ಚಿರಲಿಲ್ಲ, ಅಷ್ಟೆ!

ದಿಕ್ಸೂಚಿಯನ್ನು ಹೊಟ್ಟೆಯ ಮುಂದೆ ಹಿಡಿದು ನೋಡಿದೆ. "ಎಡಕ್ಕೆ," ಎಂದೆ. ಸ್ವಲ್ಪ ದೂರ ಹೋಗಿ ಮತ್ತೆ ನೋಡಿದೆ. "ಎಡಕ್ಕೆ." ಮತ್ತೆ ನೋಡಿದೆ.

"ಮತ್ತ ಎಡಕ್ಕೇನ್ರಿ, ನೌಶಾ?" ಎಂದ ಬಂಡಿ ಹೊಡೆಯುವ ಮಸ್ತಾನಸಾಬ. ಮದುಮಗನನ್ನು ಅವನು ಕರೆಯುವುದು ಹಾಗೆ.

ಮಂಜಿನೊಳಗಿಂದ ಒಂದು ಪಾಳು ಗೋರಿ ಎದ್ದು ಬಂತು. ಮುರಿದ ಗುಮ್ಮಟ, ಬಾಗಿಲಿಲ್ಲದ ಕತ್ತಲೆ. ದಾಟಿದೆವು. ಎಡಕ್ಕೆ ಹೊರಳಿದೆವು. ಅದೇ ಗೋರಿ ಮತ್ತೆ ಬಂತು! ಈ ಸಲ ತಾನೇ ನಮ್ಮನ್ನು ಹುಡುಕಿಕೊಂಡು ಬಂದಂತಿತ್ತು. ಎತ್ತುಗಳು ನಿಂತುಬಿಟ್ಟವು. ಹಿಂದೆ, ಮಂಜಿನಾಚೆ, ಬಿಳಿಚಿಕೊಂಡ ಸೂರ್ಯ ಕಂಡ. ದಿಕ್ಸೂಚಿಯ ಪ್ರಕಾರ ಅವನು ಹುಟ್ಟುತ್ತಿದ್ದದ್ದು ನಾರ್ತ್-ನಾರ್ತ್-ವೆಸ್ಟಿನಲ್ಲಿ.

"ಸೂರ್ಯ ತಪ್ಪಿದ್ದಾನ," ಎಂದೆ. ಎಷ್ಟೆಂದರೂ ಅವನಿಗೆ ಪದವಿಯಿಲ್ಲ.

ಆಗ ಗಮನಿಸಿದೆ. ನಾನು ಎತ್ತ ತಿರುಗಿದರೂ ಮುಳ್ಳು ಜೊತೆಗೇ ತಿರುಗಿ ನನ್ನನ್ನೇ ತೋರಿಸುತ್ತಿತ್ತು.

ಅದೇ ಹೊತ್ತಿಗೆ ಮಂಜಿನೊಳಗಿಂದ ಯಾರೋ ನನ್ನ ಹೆಸರು ಹಿಡಿದು ಕರೆದರು. ಮೆಲ್ಲಗೆ, ಮನೆಯವರು ಕರೆಯುವ ಹಾಗೆ.

"ಓ ಅನಬ್ಯಾಡ್ರಿ!" ಮಸ್ತಾನಸಾಬ ನನ್ನ ಬಾಯಿ ಮುಚ್ಚಿದ. "ಓ ಅಂದವ್ರು ಹೊಳ್ಳಿ ಬರೂದಿಲ್ಲ!"

"ಏ ಬಿ.ಎ., ಅದ್ಯಾವ ಈಸ್ಟಿಗೆ ಕರಕೊಂಡು ಬಂದ್ಯೋ?" ಎಂದು ಭಾವ ಅಳುವ ದನಿಯಲ್ಲಿ ಕೇಳಿದ.

ದಾರಿ ಕಾಣಬಹುದೆಂದು ನಾನು ಗೋರಿಯ ಕಟ್ಟೆ ಹತ್ತಿದೆ. ಧೈರ್ಯಕ್ಕಿರಲಿ ಎಂದು ಕಠಾರಿ ಹಿರಿದೆ. ಮೈಯೆಲ್ಲ ಅರಿಶಿನ, ಬಿಳಿ ಧೋತರ, ಕೈಯಲ್ಲಿ ಕಠಾರಿ. ಕೆಳಗೆ, ಮಂಜಿನಲ್ಲಿ, ಒಂದು ಕಂದೀಲು ನಿಂತಿತು. ಹಿಂದೆ ನಾಲ್ಕಾರು ನೆರಳು.

"ಅಯ್ಯಯ್ಯೋ! ಮದಿಮಗ ಸತ್ತು ದೆವ್ವ ಆಗ್ಯಾನ!"

ಕಂದೀಲು ಬಿತ್ತು. ನೆರಳುಗಳು ಓಡಿದವು. ನನ್ನನ್ನು ಹುಡುಕಲು ಬಂದಿದ್ದ ಹೆಣ್ಣಿನ ಕಡೆಯವರು ಅವರು!

ಅವರ ಕಿರುಚಾಟದ ಬೆನ್ನು ಹತ್ತಿ ಬಂಡಿ ಓಡಿಸಿದೆವು. ದೆವ್ವ ಬಂಡಿ ಕಟ್ಟಿಕೊಂಡು ಅಟ್ಟಿಸಿಕೊಂಡು ಬರುತ್ತಿದೆಯೆಂದು ಅವರು ಇನ್ನೂ ಜೋರಾಗಿ ಕಿರುಚಿದರು. ಹಾಗಾಗಿ ದಾರಿ ತಪ್ಪಲಿಲ್ಲ. ದಿಕ್ಸೂಚಿಗಿಂತ ಅದು ನಿಖರವಾಗಿತ್ತು.

ಹುಮನಾಬಾದಿನ ಹಂದರದಲ್ಲಿ ನನಗಾಗಿ ಆಗಲೇ ಅಳು ಶುರುವಾಗಿತ್ತು. ಘಳಿಗೆ ಮುಗಿಯುತ್ತ ಬಂದಿತ್ತು. ನೀಲಮ್ಮನ ಅಜ್ಜಿ ಕೋಲು ಅಡ್ಡ ಹಿಡಿದು ನಿಂತಳು.

"ಕಾಲ ತೋರ್ಸು! ದೆವ್ವಿನ ಪಾದ ಹಿಂದ್ಮುಂದ ಇರ್ತಾವ."

ಊರವರೆದುರು ಧೋತರ ಎತ್ತಿ ಪಾದ ತೋರಿಸಿದೆ. ಅಜ್ಜಿ ಬಗ್ಗಿ, ಮುಟ್ಟಿ ನೋಡಿ, "ಮುಂದಕ್ಕ ಅವ!" ಎಂದು ಸಾರಿದಳು. ಕೊನೆಯ ಘಳಿಗೆಯಲ್ಲಿ ಅಕ್ಕಿಕಾಳು ಬಿದ್ದವು.

ಮುಳ್ಳಿನ ರಹಸ್ಯ ಬಯಲಾದದ್ದು ಕೆಲವು ದಿನಗಳ ಮೇಲೆ. ದಿಕ್ಸೂಚಿಯ ಪಕ್ಕದಲ್ಲಿ ನೀಲಮ್ಮ ಅಡಿಕೆ ಕತ್ತರಿಸುವ ಅಡಕೊತ್ತು ಇಟ್ಟಳು. ಮುಳ್ಳು ಗಿರ್ರನೆ ಅದರತ್ತ ತಿರುಗಿತು. "ಕಬ್ಬಿಣಕ್ಕ ತಿರುಗ್ತದ ನೋಡ್ರಿ," ಎಂದಳು. ದೆವ್ವ ಬಡಿಯದಿರಲೆಂದು ಕಟ್ಟಿದ ಕಠಾರಿ ನನ್ನನ್ನು ಗೋರಿಯ ಸುತ್ತ ಸುತ್ತಿಸಿತ್ತು!

ಮಂಜಿನಲ್ಲಿ ಕೇಳಿದ ಆ ಕೂಗೊಂದು ಮಾತ್ರ ಒಗಟಾಗಿ ಉಳಿಯಿತು. ಹುಡುಕಲು ಬಂದವರು, ದೆವ್ವ ಕಾಣುವ ತನಕ ಅಂಜಿಕೆಗೆ ತಾವು ಬಾಯೇ ಬಿಟ್ಟಿರಲಿಲ್ಲ ಎಂದು ಇಂದಿಗೂ ಆಣೆ ಮಾಡುತ್ತಾರೆ. ದಿನಚರಿಯಲ್ಲೂ ಕೂಗಿನ ಮಾತಿಲ್ಲ. ಆದರೆ ನನ್ನ ಕಿವಿಯಲ್ಲಿದೆ. ಮಂಜು ಬಿದ್ದ ಬೆಳಗಿನಲ್ಲಿ ನೀಲಮ್ಮ ಕರೆದರೂ ನಾನು 'ಓ' ಎನ್ನುವುದಿಲ್ಲ.

ಅವಳು ಹತ್ತಿರ ಬಂದು ಹೇಳುತ್ತಾಳೆ: "ನಮ್ಮಜ್ಜಿ ಪಾದ ಅಷ್ಟ ನೋಡಿ ಮದುವಿ ಮಾಡಿದ್ಳು. ತಲಿ ಯಾವ ಕಡಿ ತಿರುಗೇದ ಅಂತ ನೋಡಬೇಕಿತ್ತು."