ಎಮ್ಮೆ ಹಿಡಿದು ನಿಂತ ಆಡಳಿತ ಮಂಡಳಿ

ನಮ್ಮೂರ ಹೆಣ್ಣುಮಕ್ಕಳ ಹಾಲಿನ ಸಂಘ ಉಳಿಯಿತು! ನನ್ನ ಕುರ್ಚಿ ಹೋಯಿತು! ಎರಡೂ ಸಂತೋಷದ ಸುದ್ದಿಗಳೇ, ಎರಡಕ್ಕೂ ಕಾರಣ ನನ್ನ ಮೊಮ್ಮಗಳು. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕು ಜರಡಿ ಹಿಡಿದರೂ ಇಂಥ ಇನ್ನೊಂದು ಅರೆಮರುಳು ಸಿಗಲಿಕ್ಕಿಲ್ಲ. ಸಿಗದಿರುವುದೇ ಒಳ್ಳೆಯದು, ಇಬ್ಬರಾದರೆ ನನ್ನಂಥ ಗಂಡಸರು ಎಲ್ಲಿ ಕೂರಬೇಕು?

ಹೋದ ವರ್ಷ ಹುಕ್ಕೇರಿಯಿಂದ ಒಂದು ಗಂಡು ನೋಡಲು ಬಂದಿತ್ತು. ಇವಳು ಚಹಾ ಕೊಟ್ಟು, ಎದುರಿಗೇ ಕೂತು ಕೇಳಿಯೇಬಿಟ್ಟಳು: "ನಿಮ್ಮನ್ಯಾಗ ಎಮ್ಮಿ ಯಾರ ಹಿಂಡ್ತಾರ್ರಿ?"

"ಆಳು ಹಿಂಡ್ತಾನ್ರಿ" ಎಂದ ಹುಡುಗ, ಜಂಬದಿಂದ.

"ಹಂಗಾರ ಅವನ್ನ ಕಳಸ್ರಿ, ನೋಡೂನು."

ಚಹಾ ಆರುವ ಮೊದಲೇ ಬೀಗರು ಬಸ್ ಸ್ಟ್ಯಾಂಡಿನಲ್ಲಿದ್ದರು!

ಇಂಥವಳು ಗೋಕಾಕದಲ್ಲಿ ಕಾಲೇಜು ಮುಗಿಸಿ ಬಂದು ನಮ್ಮ ಸಂಘಕ್ಕೇ ಕಾರ್ಯದರ್ಶಿಯಾದಳು. ಸಂಘದ ಅಧ್ಯಕ್ಷೆ ನನ್ನ ಹೆಂಡತಿ. ಆದರೆ ಅಧ್ಯಕ್ಷರ ಕುರ್ಚಿಯಲ್ಲಿ ಕೂರುವವನು ನಾನು! ಉಳಿದ ಆರು ನಿರ್ದೇಶಕಿಯರ ಕುರ್ಚಿಗಳಲ್ಲೂ ಅವರವರ ಗಂಡಂದಿರು. ಹೆಂಡತಿಗೆ ಕುರ್ಚಿಯ ಭಾರ ಯಾಕೆ ಅಂತ ನಾವೇ ಹೊತ್ತಿದ್ದೆವು, ಪಾಪ!

ಆಡಳಿತ ಹೇಗಿತ್ತೆಂದರೆ, ನಾಲ್ಕು ತಿಂಗಳು ದಿನ ಬಿಟ್ಟು ದಿನ ಹಾಲು ಒಡೆದು ದೊಡ್ಡ ಡೇರಿಯಿಂದ ವಾಪಸು ಬರುತ್ತಿತ್ತು. ನಾವೇನು ಸುಮ್ಮನಿದ್ದೆವೇ? ಸಭೆ ಮೇಲೆ ಸಭೆ ಮಾಡಿ ಬಾಗಿಲನ್ನು ಪೂರ್ವಕ್ಕೆ ತಿರುಗಿಸಿದೆವು. ದೃಷ್ಟಿ ತಾಗದಿರಲೆಂದು ಒಂದೊಂದು ಕ್ಯಾನಿಗೂ ಮೆಣಸಿನಕಾಯಿ, ನಿಂಬೆಹಣ್ಣು ಕಟ್ಟಿದೆವು. ನಿಂಬೆಹಣ್ಣಿನ ಬಾಜೂ ಕೂತ ಹಾಲು ಒಡೆಯದೆ ಮತ್ತೇನು ಮಾಡೀತು! ಕೊನೆಗೆ ಡೇರಿಯಿಂದ ಕಾಗದ ಬಂತು: ಇನ್ನೊಂದು ತಿಂಗಳು ಹೀಗೇ ನಡೆದರೆ ಗಾಡಿ ನಿಮ್ಮೂರಿಗೆ ಬರುವುದಿಲ್ಲ. ಗಾಡಿ ನಿಂತರೆ ಸಂಘಕ್ಕೆ ಬೀಗ. ಊರ ಹೆಂಗಸರು ಎರಡು ಹೊತ್ತೂ ಹಾಲು ಹೊತ್ತು ಕಲ್ಲೋಳಿಗೆ ನಡೆಯಬೇಕು.

"ಅಜ್ಜಾ, ಹಾಲಾಗ ಕೈ ಇಡೋರನ್ನ ಕೇಳ್ರಿ. ಸಭಾಕ್ಕ ಆಯಿನ್ನ ಕಳಸ್ರಿ" ಎಂದಳು ಮೊಮ್ಮಗಳು. ಅವಳ ಆಯಿ ಅಂದರೆ ನನ್ನ ಹೆಂಡತಿ.

"ಸುಮ್ನಿರವ್ವಾ, ಇದು ಆಡಳಿತದ ವಿಷಯ" ಎಂದೆ. ನಾಲ್ಕನೇ ಇಯತ್ತೆ ದಾಟದ ನನ್ನ ಬಾಯಲ್ಲಿ ಆ ಮಾತು ಎಷ್ಟು ಚಂದ ಕೇಳಿಸಿತು ಅಂತೀರಿ!

"ಆತ್ರಿ ಅಜ್ಜಾ" ಎಂದು ಹೊರಟುಬಿಟ್ಟಳು. ಆಗಲೇ ನಾನು ಹೆದರಬೇಕಿತ್ತು.

ಮರುದಿನ ನೋಟೀಸು ಹಚ್ಚಿದಳು: ಯಾರ ಎಮ್ಮೆಯ ಹಾಲು ಒಡೆಯುತ್ತದೆಂದು ಪರೀಕ್ಷೆ ಇದೆ, ನಿರ್ದೇಶಕರು ಎಮ್ಮೆ ಸಮೇತ ಸಂಘದ ಮುಂದೆ ಬಂದು ತಾವೇ ಹಿಂಡಬೇಕು. ಪ್ರತಿಯೊಬ್ಬನಿಗೂ ಇನ್ನೊಬ್ಬನ ಎಮ್ಮೆಯ ಮೇಲೇ ಅನುಮಾನ. ಹೀಗಾಗಿ ಏಳೂ ಜನ ಹೇಳಿದ ಹೊತ್ತಿಗೆ ಹಾಜರ್! ನಮ್ಮ ಸಂಘದ ಇತಿಹಾಸದಲ್ಲೇ ಮೊದಲ ಸಲ.

ಕೂತೆವು. ಎಮ್ಮೆಗಳು ನಮ್ಮನ್ನು ಮೂಸಿ ನೋಡಿದವು, ಮುಖ ತಿರುಗಿಸಿದವು. ಒಂದು ಹನಿ ಇಳಿಯಲಿಲ್ಲ. ನನ್ನ ಬಕೆಟ್ಟು ಒದೆ ತಿಂದು ರಸ್ತೆಗೆ ಹೋಯಿತು. ಇದಕ್ಕೊಂದು ಮದ್ದು ನಮ್ಮ ಕಡೆ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಮನೆಯಾಕೆ ಊರಿಗೆ ಹೋದಾಗ ಅವಳ ಸೀರೆ ಹೊದ್ದು ಕೂತರೆ ಎಮ್ಮೆ ಮೋಸ ಹೋಗುತ್ತದೆ.

"ಸೀರಿ ತರಸ್ರಿ ಹಂಗಾರ" ಎಂದಳು ಕಾರ್ಯದರ್ಶಿ, ನಗದೆ.

ಏಳು ಮನೆಗೆ ಫೋನು ಹೋಯಿತು. ಸೀರೆ ಯಾರ ಕೈಲಾದರೂ ಕಳಿಸಬಹುದಿತ್ತು. ಆದರೆ ಇಂಥ ನೋಟ ಯಾವ ಹೆಂಡತಿ ಬಿಟ್ಟಾಳು? ಏಳೂ ಜನ ತಾವೇ ಓಡಿ ಬಂದರು! ನಾವು ಸೆರಗು ಹೊದ್ದು ಎಮ್ಮೆ ಬುಡದಲ್ಲಿ ಕುಕ್ಕರಿಸಿದ್ದೇ ತಡ, ಮೊಮ್ಮಗಳು ಕೂಗಿದಳು:

"ನಿರ್ದೇಶಕಿಯರೆಲ್ಲಾ ಬಂದ್ರು, ಕೋರಂ ಆತು. ಒಳಗ ಬರ್ರಿ, ಸಭಾ ಚಾಲೂ!"

"ಏ, ನಾವು?" ಎಂದೆ.

"ನೀವು ಎಮ್ಮಿ ಹಿಡ್ಕೊಳ್ರಿ ಅಜ್ಜಾ. ಬಿಟ್ರ ಕಬ್ಬಿಗೆ ಹೊಕ್ತಾವು."

ಬಾಗಿಲು ಮುಚ್ಚಿತು. ಆಡಳಿತ ಮಂಡಳಿ ಸೀರೆ ಹೊದ್ದು, ಹಗ್ಗ ಹಿಡಿದು, ಬೀದಿಯಲ್ಲಿ ನಿಂತಿತು. ಕುಲಗೋಡದಿಂದ ಬಂದ ಬಸ್ಸು ನಮಗಾಗಿಯೇ ನಿಧಾನವಾಯಿತು!

ಆಗ ಕಿಟಕಿಯಿಂದ ನನ್ನ ಹೆಂಡತಿಯ ದನಿ ಕೇಳಿತು. "ಕ್ಯಾನ್ ತೊಳದು ಹಸಿ ಇದ್ದಾಗನ ಮುಚ್ಚಳ ಬಡೀತಾರ, ಒಳಗ ನಾರತೈತಿ. ಬಿಸಲಿಗೆ ಬೋರಲ ಹಾಕಬೇಕು. ನಾ ಗಡಿಗಿ ಹಂಗ ಮುಚ್ಚಿದ್ರ ನಮ್ಮತ್ತಿ ತವರಿಗೆ ಅಟ್ಟತಿದ್ಲು!"

ಅಷ್ಟೇ. ನಮ್ಮ ನಾಲ್ಕು ತಿಂಗಳ ಆಡಳಿತಕ್ಕೆ ಅವಳ ಎರಡು ಮಾತು! ಅಂದಿನಿಂದ ಕ್ಯಾನುಗಳು ಬೋರಲು ಬಿದ್ದವು, ನಿಂಬೆಹಣ್ಣುಗಳು ಅಡುಗೆಮನೆ ಸೇರಿದವು, ಹಾಲು ಒಂದು ಸಲವೂ ವಾಪಸು ಬರಲಿಲ್ಲ. ಇವತ್ತು ಬೆಳಿಗ್ಗೆ ಡೇರಿಯವರು ಬಂದು, ಗಾಡಿ ನಿಲ್ಲುವುದಿಲ್ಲ ಎಂದು, ಈಗ ತನ್ನ ಕುರ್ಚಿಯಲ್ಲೇ ಕೂರುವ ಅಧ್ಯಕ್ಷೆಯ ಕೈಗೇ ಕಾಗದ ಕೊಟ್ಟು ಹೋದರು.

ಸಂಜೆ ಮಗ, ಸೊಸೆ, ಮೊಮ್ಮಗಳು, ನಾವಿಬ್ಬರು ಪಡಸಾಲೆಯಲ್ಲಿ ಒಟ್ಟಿಗೆ ಊಟಕ್ಕೆ ಕೂತೆವು. ಬಿಸಿ ರೊಟ್ಟಿ, ಮೆಂತ್ಯೆ ಪಲ್ಯ, ಗಟ್ಟಿ ಮೊಸರು. ನಾನು ಹೆಂಡತಿಯನ್ನು ಮೆಲ್ಲಗೆ ಕೇಳಿದೆ: "ಕ್ಯಾನಿಂದು ನಿನಗ ಮೊದಲ ಗೊತ್ತಿತ್ತೇನು?"

"ಗೊತ್ತಿತ್ತಲ್ರಿ."

"ಮತ್ತ ನನ್ನ ಮುಂದ ಯಾಕ ಹೇಳಲಿಲ್ಲ?"

"ನೀವು ಯಾವಾಗ ಕೇಳಿದ್ರಿ?" ಎಂದಳು, ಸಿಟ್ಟಿಲ್ಲದೆ.

ಮೊಮ್ಮಗಳು ಆಯಿಯ ಹೆಗಲಿಗೆ ಒರಗಿದಳು. ನಾನು ಮುರಿದ ರೊಟ್ಟಿಯನ್ನು ತಾಟಿನಲ್ಲಿ ಇಟ್ಟೆ.

"ಇನ್ನೂ ಏನೇನ ಗೊತ್ತೈತಿ? ಈಗ ಕೇಳಾಕತ್ತೇನಿ, ಹೇಳು."

ಹೆಂಡತಿ ಹೇಳತೊಡಗಿದಳು. ರೊಟ್ಟಿ ಆರಿತು, ಯಾರೂ ಏಳಲಿಲ್ಲ.