ಬಾಲ್ಕನಿಯಲ್ಲಿ ಬ್ರೇಕ್ ಮೇಷ್ಟ್ರು

ರಜೆ ಎಂದರೆ ಏನು ಎಂಬ ವಿಷಯದಲ್ಲಿ ಬ್ರೇಕ್ ಮೇಷ್ಟ್ರಿಗೂ ಅವರ ಹೆಂಡತಿಗೂ ಮೊದಲಿನಿಂದಲೂ ಹೊಂದಾಣಿಕೆ ಇರಲಿಲ್ಲ. ಮೇಷ್ಟ್ರ ಪ್ರಕಾರ ರಜೆ ಎಂದರೆ ಸಮುದ್ರ, ಕಪ್ಪು ಕನ್ನಡಕ, ಮತ್ತು ಸಮುದ್ರದ ಮುಂದೆ ಕಪ್ಪು ಕನ್ನಡಕ ಹಾಕಿಕೊಂಡು ನಿಂತ ಮೇಷ್ಟ್ರ ಫೋಟೋ. ಹೆಂಡತಿಯ ಪ್ರಕಾರ ರಜೆ ಎಂದರೆ ನಿದ್ದೆ. ಸಮುದ್ರ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಒಂದು ದಿಂಬು ಇರಬೇಕು, ಆ ದಿಂಬಿನ ಮೇಲೆ ಬೇರೆ ಯಾರ ಕಾಲೂ ಇರಬಾರದು.

ಆಕೆಯ ಬೇಡಿಕೆಯಲ್ಲಿ ತಪ್ಪೇನೂ ಇರಲಿಲ್ಲ. ದೊಡ್ಡ ಮಗಳು ಚೂಟಿ, ನಡೆಯುವುದಕ್ಕೆ ಮೊದಲೇ ಓಡಲು ಕಲಿತು, ಮಾತು ಪೂರ್ತಿ ಬರುವ ಮೊದಲೇ ಅಪ್ಪಣೆ ಕೊಡಲು ಕಲಿತವಳು. ಚಿಕ್ಕವನು ಪಾಪು, ಇನ್ನೂ ಅಂಬೆಗಾಲೂ ಇಡದ ಕೂಸು. ಹಗಲೆಲ್ಲ ಋಷಿಯ ಹಾಗೆ ಕಣ್ಮುಚ್ಚಿರುತ್ತಿದ್ದ. ಅಮ್ಮ ದಿಂಬಿಗೆ ತಲೆ ಇಟ್ಟಳೋ ಇಲ್ಲವೋ, ರಾತ್ರಿ ಪಾಳಿಯ ನೌಕರನಂತೆ ಕರ್ತವ್ಯಕ್ಕೆ ಹಾಜರಾಗುತ್ತಿದ್ದ.

ಇನ್ನು ಮೇಷ್ಟ್ರು. ಅವರು ಕಾರು ಓಡಿಸಲು ಕಲಿಸುವವರು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಾಲಡಿಗೂ ಒಂದು ಬ್ರೇಕ್ ಇಟ್ಟುಕೊಂಡಿರುತ್ತಿದ್ದರು. ಊರಿನವರು ಪ್ರೀತಿಯಿಂದ ಬ್ರೇಕ್ ಮೇಷ್ಟ್ರು ಎನ್ನುತ್ತಿದ್ದರು. ಲೋಕದ ಯಾವ ಅನಾಹುತವನ್ನೂ ಸರಿಯಾದ ಗಳಿಗೆಯಲ್ಲಿ ಕಾಲೊತ್ತಿ ನಿಲ್ಲಿಸಬಹುದು ಎಂಬ ಘನವಾದ ನಂಬಿಕೆ ಅವರಿಗೆ. ಆ ನಂಬಿಕೆಗೆ ತಕ್ಕ ಮೀಸೆಯೂ ಇತ್ತು.

ಅಂತೂ ಸಮುದ್ರದ ದಂಡೆಯ ಒಂದು ವಸತಿಗೃಹಕ್ಕೆ ಹೊರಟರು. ತೊಟ್ಟಿಲು, ತಳ್ಳುಗಾಡಿ, ಹಾಲಿನ ಬಾಟಲಿಗಳು, ಚೂಟಿಯ ಗೊಂಬೆ, ಗೊಂಬೆಯ ಹಾಸಿಗೆ, ಗೊಂಬೆಗೆ ನೆಗಡಿಯಾದರೆ ಬೇಕಾಗುವ ಕಂಬಳಿ ಇವೆಲ್ಲ ಕಾರಿಗೇರಿದ ಮೇಲೆ, ಮೇಷ್ಟ್ರ ಬಟ್ಟೆಗೆ ಉಳಿದ ಜಾಗ ಒಂದು ಕೈಚೀಲದಷ್ಟು. ದಾರಿಯುದ್ದಕ್ಕೂ ಹಿಂದಿನ ಸೀಟಿನಿಂದ "ಅಪ್ಪಾ, ನಿಲ್ಸು!" ಎಂಬ ಆಜ್ಞೆ. ಹಸು ಕಂಡರೆ ನಿಲ್ಲಿಸಬೇಕು. ಹಸು ಕಾಣದಿದ್ದರೆ, ಯಾಕೆ ಕಾಣಲಿಲ್ಲ ಎಂದು ವಿಚಾರಿಸಲು ನಿಲ್ಲಿಸಬೇಕು.

ಮೊದಲ ರಾತ್ರಿ ಹೇಗೆ ಕಳೆಯಿತು ಎಂಬುದನ್ನು ಹೇಳದಿರುವುದೇ ಮೇಲು. ಬೆಳಗ್ಗೆ ಹೆಂಡತಿ ಮಂಚದ ಅಂಚಿನಲ್ಲಿ ಕೂತು, ಚಹಾದ ಲೋಟಕ್ಕೆ ಚಮಚದ ಬದಲು ಬಾಚಣಿಗೆ ಹಾಕಿ ಕಲಕುತ್ತಿದ್ದಳು.

"ಏನೇ ಇದು, ಮುಖ ಹೀಗೆ ಹಾಕ್ಕೊಂಡು ಕೂತ್ಬಿಟ್ಟೆ? ರಜೆಗೆ ಬಂದಿದ್ದೀವಿ, ಸ್ವಲ್ಪ ನಗಬಾರ್ದಾ?" ಎಂದರು ಮೇಷ್ಟ್ರು.

"ನಗೋಕೆ ಮೊದ್ಲು ಎಚ್ಚರ ಇರ್ಬೇಕಲ್ಲ ರೀ."

"ಎರಡು ಮಕ್ಕಳನ್ನ ನೋಡ್ಕೊಳ್ಳೋಕೆ ಇಷ್ಟೊಂದು ಸುಸ್ತಾ? ನಾನು ದಿನಾ ಜೀವ ಕೈಯಲ್ಲಿ ಹಿಡ್ಕೊಂಡು ಕೂರ್ತೀನಿ. ಗೇರ್ ಯಾವುದು, ಹಾರ್ನ್ ಯಾವುದು ಗೊತ್ತಿಲ್ದೋರ ಪಕ್ಕದಲ್ಲಿ! ಒಂದಿನಾನಾದ್ರೂ ಸುಸ್ತು ಅಂದಿದ್ದೀನಾ?"

(ಅಂದಿದ್ದರು. ಚಪ್ಪಲಿ ಬಿಡುವ ಮೊದಲೇ ಅನ್ನುತ್ತಿದ್ದರು.)

ಹೆಂಡತಿ ಬಾಚಣಿಗೆಯನ್ನು ಲೋಟದಿಂದ ತೆಗೆದಳು. "ಹಾಗಿದ್ರೆ ಇವತ್ತು ಮಧ್ಯಾಹ್ನದ ತನಕ ನೀವೇ ನೋಡ್ಕೊಳ್ಳಿ."

ಮೇಷ್ಟ್ರು ಪಾಪುವನ್ನೂ ಬಾಗಿಲನ್ನೂ ಒಂದು ಸಲ ನೋಡಿದರು. ಆದರೆ ಆಡಿದ ಮಾತಿಗೆ ರಿವರ್ಸ್ ಗೇರ್ ಇಲ್ಲ. "ಅದಕ್ಕೇನಂತೆ!" ಎಂದುಬಿಟ್ಟರು. ಆ "ನಂತೆ" ಮುಗಿಯುವಷ್ಟರಲ್ಲಿ ಆಕೆ ದಿಂಬು ಕಂಕುಳಲ್ಲಿ ಇರುಕಿಕೊಂಡು ಬಾಗಿಲಲ್ಲಿದ್ದಳು. ವಸತಿಗೃಹದ ಒಡತಿ ಹಿರಿಯಾಕೆ, ತಾಯಿಯಾದವಳ ಕಣ್ಣಿನ ಕೆಳಗಿನ ಕಪ್ಪನ್ನು ಓದಬಲ್ಲವಳು. ಕೆಳಗಡೆ ಹಿತ್ತಲಿನ ಕಡೆಗಿದ್ದ ಖಾಲಿ ಕೋಣೆಯ ಬಾಗಿಲನ್ನು ಮರುಮಾತಾಡದೆ ತೆರೆದುಕೊಟ್ಟಳು.

"ಏನಾದ್ರೂ ಆದ್ರೆ ಕೂಗ್ರೀ" ಎಂದಳು ಹೆಂಡತಿ, ಮೆಟ್ಟಿಲಿಳಿಯುತ್ತ.

"ನಾನು ಕೂಗೋದಾ? ಕೂಗಿದ್ರೆ ಮೀಸೆ ಬೋಳಿಸ್ಕೊಳ್ತೀನಿ, ಹೋಗಿ ಮಲ್ಕೋ!"

ಮೇಷ್ಟ್ರ ಮೊದಲ ಕ್ರಮ ಸುರಕ್ಷತೆ. ಚೂಟಿ ಹೊರಗೆ ಓಡದಿರಲೆಂದು ಕೋಣೆಯ ಬಾಗಿಲಿನ ಮೇಲಿನ ಚಿಲಕವನ್ನು ಬಿಗಿಯಾಗಿ ಹಾಕಿದರು. ಎರಡನೆಯ ಕ್ರಮ, ಪಾಪುವಿಗೆ ಹಾಲು. ಪಾಪು ಬಾಟಲಿ ಪೂರ್ತಿ ಕುಡಿದ. ಕುಡಿದದ್ದನ್ನು ಒಂದು ಹನಿಯೂ ಬಾಕಿ ಇಟ್ಟುಕೊಳ್ಳದೆ ಮೇಷ್ಟ್ರ ಹೆಗಲಿಗೆ ಹಿಂದಿರುಗಿಸಿದ. ಅಂಗಿ ಬದಲಾಯಿಸಿದರು. ಹೊಸ ಅಂಗಿಯ ಗುಂಡಿ ಹಾಕುವಷ್ಟರಲ್ಲಿ ಪಾಪು ಆ ಅಂಗಿಗೂ ಪ್ಯಾಂಟಿಗೂ ಬೇರೆ ಮಾರ್ಗದಿಂದ ಅಭಿಷೇಕ ಮಾಡಿದ. "ಪರವಾಗಿಲ್ಲ, ಇನ್ನೊಂದು ಜೊತೆ ಇದೆ" ಎಂದು ಕೈಚೀಲಕ್ಕೆ ಕೈ ಹಾಕಿದರೆ, ಕೈಚೀಲವೇ ಇಲ್ಲ.

ಬಚ್ಚಲಿನಿಂದ ಚಪ್ ಚಪ್ ಸದ್ದು. ಚೂಟಿ ಬಕೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಬಕೆಟ್ಟಿನಲ್ಲಿ ನೀರು, ನೀರಿನಲ್ಲಿ ಕೈಚೀಲ, ಕೈಚೀಲದಲ್ಲಿ ಮೇಷ್ಟ್ರ ಸಮಸ್ತ ಮಾನ.

"ಅಪ್ಪನ ಬತ್ತೆ ತೊಳ್ದೆ!" ಎಂದಳು. ಮುಖದಲ್ಲಿ ಒಳ್ಳೆಯ ಕೆಲಸ ಮಾಡಿದವರ ತೃಪ್ತಿ.

ಒದ್ದೆ ಚಡ್ಡಿಯಲ್ಲಿ ನಿಂತ ಮೇಷ್ಟ್ರು ಸುತ್ತ ಕಣ್ಣಾಡಿಸಿದರು. ಇಡೀ ಕೋಣೆಯಲ್ಲಿ ಅವರ ಅಳತೆಗೆ ಒದಗಬಹುದಾದ ಒಣಬಟ್ಟೆ ಒಂದೇ: ಗೋಡೆಯ ಮೊಳೆಗೆ ತೂಗುಹಾಕಿದ್ದ ಹೆಂಡತಿಯ ನೈಟಿ. ತಿಳಿಗುಲಾಬಿ ಬಣ್ಣ. ಎದೆಯ ತುಂಬ ಸೂರ್ಯಕಾಂತಿ. ತೋಳಿಗೆ ಜಾಲರಿ. 'ಬಾಗಿಲಿಗೆ ಚಿಲಕ ಹಾಕಿದೆ, ಯಾರು ನೋಡ್ತಾರೆ?' ಎಂದು ತೊಟ್ಟುಕೊಂಡರು. ಗಾಳಿ ಚೆನ್ನಾಗಿ ಆಡುತ್ತಿತ್ತು. ಇಂಥ ಸುಖದ ಉಡುಪನ್ನು ಇಷ್ಟು ದಿನ ಹೆಂಗಸರು ಗುಟ್ಟಾಗಿಟ್ಟಿದ್ದಾರಲ್ಲ ಎನಿಸಿತು.

ಒದ್ದೆ ಬಟ್ಟೆಯನ್ನೆಲ್ಲ ಹಿಂಡಿ, ಪಾಪುವನ್ನು ಸೊಂಟಕ್ಕೇರಿಸಿ, ಬಾಲ್ಕನಿಗೆ ಹೋಗಿ ಹರಡಿದರು. ಕೊನೆಯ ಅಂಗಿ ಹರಡುತ್ತಿದ್ದಾಗ ಹಿಂದೆ 'ಟಕ್' ಎಂದು ಒಂದು ಸಣ್ಣ ಸದ್ದು.

ಗಾಜಿನ ಬಾಗಿಲು ಮುಚ್ಚಿತ್ತು. ಒಳಗಿನ ಹಿಡಿ ಕೆಳಗಿಳಿದು ಅಗುಳಿ ಬಿದ್ದಿತ್ತು. ಹಿಡಿಯ ಪಕ್ಕದಲ್ಲಿ ಚೂಟಿ ನಿಂತು ಕೈ ಬೀಸುತ್ತಿದ್ದಳು. "ಟಾಟಾ!"

"ಚೂಟೀ, ಬಂಗಾರಾ, ಬಾಗ್ಲು ತೆಗಿ ಪುಟ್ಟಾ."

"ಬೇಡ."

"ಹಿಡೀನ ಮೇಲಕ್ಕೆ ಎತ್ತು, ನೋಡು, ಹೀಗೆ!" ಮೇಷ್ಟ್ರು ಒಂದು ಕೈಯನ್ನು ಆಕಾಶಕ್ಕೆತ್ತಿ ತೋರಿಸಿದರು. ಚೂಟಿಯೂ ಎತ್ತಿದಳು, ತನ್ನ ಕೈಯನ್ನು ಮಾತ್ರ. ಮೇಷ್ಟ್ರು ಬಗ್ಗಿ ಎದ್ದು ತೋರಿಸಿದರು. ಚೂಟಿಯೂ ಬಗ್ಗಿ ಎದ್ದಳು. ಪಾಪು ಅಪ್ಪನ ಸೊಂಟದಲ್ಲಿ ಕುಲುಕಿ ಕುಲುಕಿ ಕೇಕೆ ಹಾಕಿ ನಕ್ಕ. ಕೆಳಗೆ ಬೀದಿಯಲ್ಲಿ ಹೋಗುತ್ತಿದ್ದ ಹೂವಿನ ಅಂಗಡಿಯಾಕೆ ನಿಂತು ತಲೆಯೆತ್ತಿದಳು. "ಯಾರೋ ಹೆಂಗಸು, ಪಾಪ, ಮಗೂನ ಎತ್ಕೊಂಡು ಎಷ್ಟ್ ಚೆನ್ನಾಗಿ ಕುಣೀತಾಳೆ ನೋಡಿ!"

ಕೂಗಬಹುದಿತ್ತು. ಆದರೆ ಕೂಗಿದರೆ ಹೆಂಡತಿ ಏಳುತ್ತಾಳೆ. ಹೆಂಡತಿ ಎದ್ದರೆ ಮೀಸೆ ಬೀಳುತ್ತದೆ. ಮೇಷ್ಟ್ರು ಜಾಲರಿಯ ತೋಳಿನಿಂದ ಮೀಸೆ ಮರೆಮಾಡಿಕೊಂಡು ಬೀದಿಯ ಕಡೆಗೆ ಬಗ್ಗಿ, ಮನುಷ್ಯರು ಸಾಮಾನ್ಯವಾಗಿ ಗುಟ್ಟು ಹೇಳುವ ದನಿಯಲ್ಲಿ, "ಕಾಪಾಡೀ… ಯಾರಾದ್ರೂ ಕಾಪಾಡೀ…" ಎಂದು ಪಿಸುಗುಟ್ಟಿದರು. ಹೂವಿನಾಕೆ ಅದನ್ನು ಹಾಡು ಎಂದುಕೊಂಡು ತಲೆದೂಗಿದಳು.

ಅಷ್ಟರಲ್ಲಿ ಒಳಗೆ ಕುರ್ಚಿ ಎಳೆಯುವ ಸದ್ದು. ಮೇಷ್ಟ್ರು ತಿರುಗಿ ನೋಡಿದರು. ಚೂಟಿ ಕುರ್ಚಿಯನ್ನು ದರದರ ಎಳೆದು ಮೇಜಿನ ಹತ್ತಿರ ತರುತ್ತಿದ್ದಳು. ಮೇಜಿನ ಮೇಲೆ ಬಿಸ್ಕತ್ತಿನ ಡಬ್ಬಿ. ಡಬ್ಬಿಯ ಪಕ್ಕದಲ್ಲಿ, ಹಾಲಿನ ಬಾಟಲಿ ತೊಳೆಯಲು ಮೇಷ್ಟ್ರು ಬಾಲ್ಕನಿಗೆ ಬರುವ ಮುನ್ನ ಕುದಿಸಿಟ್ಟ ನೀರಿನ ಕೆಟಲು.

ಮೇಷ್ಟ್ರ ಬಲಗಾಲು ತಾನಾಗಿ ನೆಲವನ್ನು ಒತ್ತಿತು. ಒತ್ತಿಯೇ ಒತ್ತಿತು. ಏನೂ ನಿಲ್ಲಲಿಲ್ಲ. ಚೂಟಿ ಕುರ್ಚಿ ಹತ್ತಿದಳು. ಆಗ ಮೇಷ್ಟ್ರಿಗೆ ಮೀಸೆಯೂ ಬೇಡವಾಯಿತು, ಮಾನವೂ ಬೇಡವಾಯಿತು. ಗಾಜನ್ನು ದಬದಬ ಬಡಿದು, ಹೊಟ್ಟೆಯೊಳಗಿನ ದನಿಯನ್ನೆಲ್ಲ ಎಳೆದು ಕೂಗಿದರು. "ಚೂಟೀ! ಬಿಸಿ! ಮುಟ್ಬೇಡ! ಅಯ್ಯೋ, ಯಾರಾದ್ರೂ ಬನ್ರಪ್ಪೋ!"

ಚೂಟಿ ತಿರುಗಿ ನೋಡಿದಳು. ಅಪ್ಪ ಬಾಗಿಲು ಬಡಿಯುವ ಆಟ ಶುರುಮಾಡಿದ್ದಾನೆಂದು ಅವಳಿಗೆ ಖುಷಿಯಾಯಿತು. ಡಬ್ಬಿಯಿಂದ ಎರಡು ಬಿಸ್ಕತ್ತು ತೆಗೆದುಕೊಂಡು ಕುರ್ಚಿಯಿಂದ ಇಳಿದಳು. ಬಾಗಿಲ ಹತ್ತಿರ ಬಂದು ಒಂದನ್ನು ತಾನು ತಿಂದಳು, ಇನ್ನೊಂದನ್ನು ಅಪ್ಪನಿಗೆಂದು ಗಾಜಿಗೆ ಒತ್ತಿ ಹಿಡಿದಳು. "ಆಂ… ಮಾಡು."

ಮೇಷ್ಟ್ರು ಬಿಸ್ಕತ್ತಿನ ನೇರಕ್ಕೆ ಮೊಣಕಾಲೂರಿ ಕೂತು ಆಂ ಮಾಡಿದರು. ಕಣ್ಣಲ್ಲಿ ನೀರು ಬಂದಿತ್ತು. ಇವಳು ಇಲ್ಲೇ, ಈ ಗಾಜಿನ ಹತ್ತಿರವೇ ಇರಲಿ, ಸಾಯಂಕಾಲದವರೆಗೂ ಆಂ ಮಾಡುತ್ತೇನೆ ಎಂದುಕೊಂಡರು.

ಕೂಗಿಗೆ ಬೀದಿ ಸೇರಿತು. ಒಡತಿ ಓಡಿ ಬಂದು ತನ್ನ ಬೀಗದಕೈ ಹಾಕಿ ನೋಡಿದಳು. ಒಳಗಿನ ಚಿಲಕದ ಮುಂದೆ ಬೀಗದಕೈಯ ಆಟ ನಡೆಯಲಿಲ್ಲ. ಪಕ್ಕದ ಕಟ್ಟಡಕ್ಕೆ ಬಣ್ಣ ಬಳಿಯುತ್ತಿದ್ದ ಪೇಂಟರ್ ತನ್ನ ಉದ್ದದ ಏಣಿಯನ್ನು ಹೊತ್ತು ತಂದು ಬಾಲ್ಕನಿಗೆ ಆನಿಸಿದ. ಕೆಳಗಿನಿಂದ ಅವನಿಗೆ ಕಂಡದ್ದು ಗುಲಾಬಿ ನೈಟಿಯ ಬೆನ್ನು, ಸೊಂಟದಲ್ಲಿ ಮಗು.

"ಹೆದರ್ಬೇಡಿ ಅಮ್ಮಾವ್ರೇ, ಬಂದೆ! ಕೆಳಗೆ ನೋಡ್ಬೇಡಿ ಅಮ್ಮಾವ್ರೇ!" ಎಂದು ಧೈರ್ಯ ಹೇಳುತ್ತ ಏರಿದ. ಬಾಲ್ಕನಿಯ ಕಟಕಟೆಗೆ ಕೈ ಹಾಕಿ ತಲೆಯೆತ್ತಿದಾಗ ಅಮ್ಮಾವ್ರು ತಿರುಗಿದರು.

ಪೇಂಟರ್ ಒಂದು ಮೆಟ್ಟಿಲು ಕೆಳಗೆ ಜಾರಿದ. "ಅಮ್ಮಾವ್ರಿಗೆ ಮೀಸೆ!" ಎಂಬ ಅವನ ಉದ್ಗಾರ ಬೀದಿಗೆಲ್ಲ ಕೇಳಿಸಿತು.

"ಆಮೇಲೆ ಎಲ್ಲ ಹೇಳ್ತೀನಿ ಮಾರಾಯ, ಮೊದ್ಲು ಬಾ!"

ಪೇಂಟರ್ ಕಟಕಟೆ ದಾಟಿ ಬಾಲ್ಕನಿಗೆ ಇಳಿದ. ಕೂದಲಿಗೆ ನೀಲಿ, ಮೂಗಿಗೆ ಹಳದಿ, ಕಿವಿಗೆ ಬಿಳಿ ಮೆತ್ತಿಕೊಂಡ ಮನುಷ್ಯನನ್ನು ಕಂಡದ್ದೇ ತಡ, ಚೂಟಿಯ ಕಣ್ಣು ಅರಳಿತು. ಅಪ್ಪ ಅಷ್ಟು ಹೊತ್ತು ಕಾಡಿ ಬೇಡಿದರೂ ಅಲುಗದ ಹಿಡಿಯನ್ನು ಎರಡೂ ಕೈಯಿಂದ ಮೇಲಕ್ಕೆತ್ತಿ, ಬಾಗಿಲು ಸರಿಸಿ, ದೊಡ್ಡ ಮನೆತನದ ಗೃಹಿಣಿಯಂತೆ ಪಕ್ಕಕ್ಕೆ ನಿಂತಳು. "ಬಾ ಮಾಮ. ಬಿಕ್ಕತ್ತು ಬೇಕಾ?"

ಮಾಮ ಬಿಸ್ಕತ್ತು ತಿಂದ. ಮೇಷ್ಟ್ರು ಚೂಟಿಯನ್ನು ಅವಚಿಕೊಂಡು ಕೂತರು, ಅವಳು "ಬಿಡು" ಎಂದು ತಲೆಗೆ ಹೊಡೆಯುವವರೆಗೂ. ಆಮೇಲೆ ಎದ್ದು ಕೆಟಲನ್ನು ಕಪಾಟಿನ ನೆತ್ತಿಯ ಮೇಲೆ ಇಟ್ಟು, ಚಿಲಕ ತೆಗೆದು, ಒಡತಿಯ ಮುಂದೆ ಕೈ ಮುಗಿದರು.

"ಅಮ್ಮಾ, ಇದು ನಮ್ಮ ಮನೆಯವಳಿಗೆ ಮಾತ್ರ ಗೊತ್ತಾಗಬಾರ್ದು."

ಒಡತಿ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ನಗು ಹೊರಬರದಂತೆ ಅವಳೂ ಚಿಲಕ ಹಾಕಿಕೊಳ್ಳುತ್ತಿದ್ದಳು. "ಅವ್ರು ಕಿವಿಗೆ ಹತ್ತಿ ಇಟ್ಕೊಂಡು ಮಲ್ಗಿದ್ದಾರೆ, ಸ್ವಾಮಿ. ಭೂಮಿ ಬಾಯ್ಬಿಟ್ರೂ ಏಳಲ್ಲ."

ಮಧ್ಯಾಹ್ನ ಹೆಂಡತಿ ಮೇಲೆ ಬಂದಳು. ಕೆನ್ನೆಯ ಮೇಲೆ ದಿಂಬಿನ ಗೆರೆ, ಮುಖದಲ್ಲಿ ಮದುವೆಯ ಹೊಸತರಲ್ಲಿದ್ದ ಹೊಳಪು. ಕೋಣೆ ಚೊಕ್ಕಟವಾಗಿತ್ತು. ಆಡಿ ದಣಿದ ಪಾಪು ನಿದ್ದೆಹೋಗಿದ್ದ. ಚೂಟಿ ಗೊಂಬೆಗೆ ಬಿಸ್ಕತ್ತು ತಿನ್ನಿಸುತ್ತಿದ್ದಳು. ಮೇಷ್ಟ್ರು ಅರೆ ಒಣಗಿದ ಅಂಗಿಯಲ್ಲಿ, ಕಪ್ಪು ಕನ್ನಡಕ ಹಾಕಿಕೊಂಡು, ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. (ಕನ್ನಡಕ ಯಾಕೆಂದರೆ, ಕಣ್ಣು ಇನ್ನೂ ಕೆಂಪಗಿತ್ತು.)

"ಅಬ್ಬಾ! ಏನೂ ತೊಂದ್ರೆ ಆಗ್ಲಿಲ್ವಾ?"

"ತೊಂದ್ರೆನಾ? ಎಂಥ ತೊಂದ್ರೆ?"

ಆಕೆ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಳು. "ಚೂಟಿ, ಅಪ್ಪ ಏನ್ ಮಾಡಿದ್ರು?"

ಮೇಷ್ಟ್ರು ಕನ್ನಡಕವನ್ನು ಮೂಗಿನ ಮೇಲೆ ಇನ್ನಷ್ಟು ಒತ್ತಿಕೊಂಡರು.

"ಅಪ್ಪ ಅಮ್ಮ ಆದ" ಎಂದಳು ಚೂಟಿ.

ಹೆಂಡತಿಯ ಕಣ್ಣು ತುಂಬಿ ಬಂತು. ಗಂಡನ ಮುಖವನ್ನು, ಆ ಕನ್ನಡಕವನ್ನೂ ಸೇರಿಸಿ, ಎಷ್ಟೋ ಹೊತ್ತು ನೋಡಿದಳು. "ನಿಮ್ಮ ಬಗ್ಗೆ ನಾನು ಸುಮ್ನೆ ಏನೇನೋ ಅಂದ್ಕೊಂಡಿದ್ದೆ ಕಣ್ರೀ. ಮಗು ಬಾಯಲ್ಲಿ ಇಂಥ ಮಾತು ಬರ್ಬೇಕು ಅಂದ್ರೆ…"

"ಇರ್ಲಿ ಬಿಡೇ, ಅದೇನ್ ಮಹಾ."

"ನೋಡಿ, ನಾನು ಮಾಡಿದ್ದು ಸರೀನೇ ಆಯ್ತು! ಕೆಳಗೆ ಎದ್ದ ತಕ್ಷಣ ಅಕ್ಕನ ಫೋನ್ ಬಂದಿತ್ತು. ಅವಳಿಗೂ ಒಂದಿನ ರೆಸ್ಟ್ ಬೇಕಂತೆ, ಪಾಪ. ನಾಳೆ ಬೆಳಗ್ಗೆ ಅವಳಿಜವಳಿ ಇಬ್ರನ್ನೂ ಕರ್ಕೊಂಡು ಇಲ್ಲಿಗೇ ಬಂದ್ಬಿಡು ಅಂದೆ. ನಾವಿಬ್ರೂ ದೋಣೀಲಿ ಆ ಎದುರಿನ ದ್ವೀಪಕ್ಕೆ ಹೋಗಿ ಸಾಯಂಕಾಲ ಬರ್ತೀವಿ. ನಾಲ್ಕೂ ಮಕ್ಕಳು ನಿಮ್ಮ ಹತ್ರ ಇರ್ಲಿ."

ಅವಳಿಜವಳಿಗಳನ್ನು ಮೇಷ್ಟ್ರು ಬಲ್ಲರು. ಹೋದ ಸಲ ಬಂದಾಗ ಮನೆಯ ಕಿಟಕಿಗೆ ಪರದೆ ಇತ್ತು. ಹೋದ ಮೇಲೆ ಇರಲಿಲ್ಲ. ನಿಜ ಹೇಳಿಬಿಡಲೇ ಎಂದು ಬಾಯಿ ತೆರೆದರು. ಹೆಂಡತಿ ಅವರನ್ನು ನೋಡುತ್ತಲೇ ಇದ್ದಳು, ಹಾಗೆ ನೋಡಿ ವರ್ಷಗಳಾಗಿದ್ದವು. ಬಾಯಿ ಮುಚ್ಚಿದರು.

"ಭಾವನೂ ಬರ್ತಾರಾ?" ಎಂದು ಕೇಳಿದರು, ಮುಳುಗುವವನ ದನಿಯಲ್ಲಿ.

"ಬರ್ತಾರೆ, ಆದ್ರೆ ಅವ್ರಿಗೆ ಮೀನು ಹಿಡಿಯೋದಿದೆಯಂತೆ."

ಮೇಷ್ಟ್ರು ಎದ್ದು, "ಸ್ವಲ್ಪ ಗಾಳಿ ತಗೊಂಡು ಬರ್ತೀನಿ" ಎಂದು ಮೆಟ್ಟಿಲಿಳಿದರು. ಪಕ್ಕದ ಕಟ್ಟಡದ ನೆರಳಿನಲ್ಲಿ ಪೇಂಟರ್ ಊಟ ಮುಗಿಸಿ ಕೈ ತೊಳೆಯುತ್ತಿದ್ದ. ಮೇಷ್ಟ್ರು ಅತ್ತ ಇತ್ತ ನೋಡಿ, ಅವನ ಕಿವಿಯ ಹತ್ತಿರ ಬಗ್ಗಿದರು.

"ಅಲ್ಲಯ್ಯಾ, ನಾಳೆ ಈ ಏಣಿ ಇಲ್ಲೇ ಇರುತ್ತಾ?"

ಪೇಂಟರ್ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಭಕ್ತಿಯಿಂದ ತಲೆಯಾಡಿಸಿದ.

"ಇಲ್ಲೇ ಇರುತ್ತೆ ಅಮ್ಮಾವ್ರೇ. ಎಷ್ಟೊತ್ತಿಗೆ ಹಾಕ್ಲಿ?"